ಕುಬೇರಪ್ಪನ ಚಾಳಿನ ತಲೆ ಎಣಿಕೆ

ಮಾಳವ್ವ ಹೊಸ್ತಿಲಲ್ಲಿ ಕುಳಿತು ಅಳವಿ ಹಸನು ಮಾಡುತ್ತಿದ್ದಳು. ಸಣ್ಣ ಕೆಂಪು ಕಾಳು. ಅದರ ನಡುವೆ ಅಷ್ಟೇ ಸಣ್ಣ, ಅಷ್ಟೇ ಕೆಂಪು ಹರಳು. ತೋರುಬೆರಳನ್ನು ನೀರಿಗೆ ಅದ್ದಿ, ಹರಳಿನ ಮೇಲೆ ಒತ್ತಿ, ಎತ್ತಿ, ಸೀರೆಗೆ ಒರೆಸುತ್ತಿದ್ದಳು. ಬಾಣಂತಿಯ ಪಾಯಸದಲ್ಲಿ ಒಂದು ಹರಳು ಹಲ್ಲಿಗೆ ಸಿಕ್ಕರೂ ಬೀಗರ ಊರಿನ ತನಕ ಮಾತು ಹೋಗುತ್ತದೆ. ಒಳಗೆ ಕುಳಿತು ಮಾಡೋಣವೆಂದರೆ ಆ ಖೋಲಿಗೆ ಬೆಳಕು ಬರುವುದು ಬಾಗಿಲೊಂದರಿಂದಲೇ. ಹಿಂದೆ ಗೋಡೆಗೆ ಬೆನ್ನು ಕೊಟ್ಟು ಕುಳಿತ ಮಗಳು ರುಕ್ಮವ್ವ ತಾಯಿಯ ಬೆರಳನ್ನೇ ನೋಡುತ್ತಿದ್ದಳು.

ಮೊರದ ಮೇಲೆ ನೆರಳು ಬಿತ್ತು. ಮಾಳವ್ವ ಮೊರವನ್ನು ಎಡಕ್ಕೆ ಸರಿಸಿದಳು. ನೆರಳೂ ಎಡಕ್ಕೆ ಬಂತು. ಬಲಕ್ಕೆ ಸರಿಸಿದಳು. ಅದೂ ಬಲಕ್ಕೆ ಬಂತು.

"ನನ್ನ ನೆರಳಿನ ಕೂಡ ಆಟಾ ಆಡಾಕತ್ತಿಯೇನ ಮಾಳಿ? ಎದ್ದ ನಿಂದರ."

ಶಾಂತಯ್ಯ. ಚಾಳಿನ ಬಾಡಿಗೆ ವಸೂಲಿ ಮಾಡುವ ಗುಮಾಸ್ತ. ಹಣೆಯ ತುಂಬ ವಿಭೂತಿ, ಬಗಲಲ್ಲಿ ಕೊಡೆ. ಜಂಗಮನಾದ್ದರಿಂದ ಕಾಲಿಗೆ ಬೀಳಬೇಕು, ಗುಮಾಸ್ತನಾದ್ದರಿಂದ ಕೈ ಮುಗಿಯಬೇಕು. ಅವನು ಬಂದರೆ ಚಾಳಿನ ಮಂದಿಗೆ ಯಾವುದು ಮೊದಲು ಎಂಬುದೇ ತಿಳಿಯುತ್ತಿರಲಿಲ್ಲ. ಮಾಳವ್ವ ಮೊರ ಹಿಡಿದೇ ಎದ್ದು ನಿಂತಳು.

"ಖೋಲ್ಯಾಗ ಎಷ್ಟ ಮಂದಿ ಅದೀರಿ?"

"ನಿಮಗ ಗೊತ್ತಿಲ್ಲೇನ್ರೀ ಅಯ್ಯನವರ? ನಾವು ಗಂಡಾ ಹೇಣ್ತಿ, ಮಗಾ ಶಿದ್ದಪ್ಪ, ನಮ್ಮತ್ತಿ…"

"ಮತ್ತ ಆ ಮೂಲ್ಯಾಗ ಹೊಟ್ಟಿ ಇಟಗೊಂಡ ಕುಂತದ್ದು ಏನದು? ಹತ್ತಿ ಅಂಡಿಗಿಯೇನ?"

ರುಕ್ಮವ್ವ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು.

"ಮಗಳ್ರೀ. ಚೊಚ್ಚಲ ಐತಿ, ಹಡ್ಯಾಕ ಬಂದಾಳ."

"ಹಡ್ಯಾಕ ಇದೇನ ಧರ್ಮಛತ್ರ ಅನ್ಕೊಂಡೀರೇನಲೇ? ಹಂದಿ ಹಡಧಂಗ ಹಡದ ಹಡದ ತುಂಬತೀರಿ. ಆಮ್ಯಾಲೆ ಗಾಳಿ ಇಲ್ಲ, ಬೆಳಕ ಇಲ್ಲ ಅಂತ ಮುನ್ಸಿಪಾಲ್ಟಿ ಮುಂದ ಹೊಯ್ಕೋತೀರಿ. ಹಲ್ಕಟ್ಟ ಜಾತಿ."

ಪಕ್ಕದ ಖೋಲಿಯ ಬಾಗಿಲಿನಿಂದ ನೂರಜಹಾನಳ ತಲೆ ಹೊರಬಂತು. ಅವಳೂ ಮಾಳವ್ವನೂ ಒಂದೇ ಜಿನ್ನು ಕಾರಖಾನೆಯಲ್ಲಿ ಹತ್ತಿ ಆರಿಸುವವರು. "ಯಾರ ಹೊಯ್ಕೊಂಡಾರ್ರೀ ಅಯ್ಯಪ್ಪಾ? ಹೊಯ್ಕೊಳ್ಳಾಕ ಉಸರ ಬೇಕಲ್ರೀ. ಈ ಖೋಲ್ಯಾಗ ಅದೆಲ್ಲೈತಿ?"

ಆಚೆ ಈಚೆಯ ಬಾಗಿಲುಗಳಲ್ಲಿ ಹೆಂಗಸರು ನಕ್ಕರು. ಶಾಂತಯ್ಯನ ಕಿವಿ ಕೆಂಪಾಯಿತು. ಕೊಡೆಯ ತುದಿಯಿಂದ ಮೊರವನ್ನು ತಿವಿದ. ಮೊರ ಮಗುಚಿ, ಹಸನಾದ ಅಳವಿಯೂ ಹಸನಾಗದ ಅಳವಿಯೂ ಅಂಗಳದ ಮಣ್ಣಿನಲ್ಲಿ ಒಂದಾದವು.

"ನಗ್ರಿ, ನಗ್ರಿ. ಸೋಮವಾರ ಇನ್ಸ್‌ಪೆಕ್ಟರ್ ಬರಾವ ಅದಾನ. ಇವತ್ತ ಸಂಜೀಮುಂದ ಎಲ್ಲಾರೂ ಅಂಗಳದಾಗ ಇರ್ರಿ, ಸಾಹುಕಾರ್ರು ಬರ್ತಾರ."

ಅವನು ಹೋದ ಮೇಲೆ ಮಾಳವ್ವ ಮಂಡಿಯೂರಿ ಮಣ್ಣಿನಿಂದ ಕಾಳು ಬಾಚತೊಡಗಿದಳು. ನೂರಜಹಾನ ಬಂದು ಎದುರಿಗೆ ಕುಳಿತು ಅವಳೂ ಬಾಚಿದಳು.

"ನನ್ನ ನಾಲಿಗಿಂದ ಹಿಂಗಾತ ನೋಡ," ಅಂದಳು.

"ನಿನ್ನ ನಾಲಿಗಿ ಇರಲಿಲ್ಲಂದ್ರ ಅವನ ಕೊಡಿ ಸುಮ್ಮನಿರ್ತಿತ್ತೇನ?" ಅಂದಳು ಮಾಳವ್ವ.

ಬೆಂಗೇರಿಯ ಹಾದಿಯಲ್ಲಿ, ಹತ್ತಿ ಜಿನ್ನುಗಳ ಹಿಂದೆ ಇದ್ದ ಆ ಚಾಳು ಕುಬೇರಪ್ಪ ಸಾಹುಕಾರನದು. ಒಂದೇ ಉದ್ದನೆಯ ತಗಡಿನ ಮಾಡು, ಅದರ ಕೆಳಗೆ ಸಾಲಾಗಿ ಖೋಲಿಗಳು. ಖೋಲಿಗಳ ಬೆನ್ನಿಗೆ ಬೆನ್ನು ಹಚ್ಚಿ ಅವನದೇ ಹತ್ತಿ ತುಂಬಿಡುವ ವಖಾರಿ. ಖೋಲಿಗಳ ಹಿಂದಿನ ಗೋಡೆಯೇ ವಖಾರಿಯ ಗೋಡೆ. ಜರ್ಮನರ ಲಡಾಯಿ ಹತ್ತಿದ ವರ್ಷ ಅದು. ಹಳ್ಳಿಗಳಿಂದ ಮಂದಿ ಗಿರಣಿಗೆಂದು, ಜಿನ್ನಿಗೆಂದು, ರೈಲ್ವೆ ಕೆಲಸಕ್ಕೆಂದು ಬಂದು ಬಂದು ಹುಬ್ಬಳ್ಳಿ ಉಬ್ಬಿತ್ತು. ಮೂವರು ಮಲಗುವಲ್ಲಿ ಆರು, ಆರು ಮಂದಿ ಇರುವಲ್ಲಿ ಒಂಬತ್ತು. ಮತ್ತೆ ಪ್ಲೇಗು ಬಂದೀತೆಂದು ಪ್ಯಾಟೆಯ ದೊಡ್ಡವರು ಹೆದರಿ ಒಂದು ಕಾಯದೆ ಮಾಡಿದ್ದರು. ಬಾಡಿಗೆಗೆ ಖೋಲಿ ಕೊಡುವವರು ಇನ್ನು ಮೇಲೆ ಪರವಾನಗಿ ತೆಗೆದುಕೊಳ್ಳಬೇಕು. ಇಷ್ಟು ಅಗಲದ ಖೋಲಿಗೆ ನಾಲ್ಕೇ ಮಂದಿ. ಪ್ರತಿ ಖೋಲಿಗೂ ಒಂದು ಕಿಡಕಿ. ಇನ್ಸ್‌ಪೆಕ್ಟರ್ ಬಂದು ತಲೆ ಎಣಿಸಿ, ಕಿಡಕಿ ನೋಡಿ, ಬಾಗಿಲ ಚೌಕಟ್ಟಿನ ಮೇಲೆ ಡಾಂಬರಿನಿಂದ ಅಂಕಿ ಬರೆಸಿದರೆ ಚಾಳು ಉಳಿಯಿತು; ಇಲ್ಲದಿದ್ದರೆ ಬಾಗಿಲಿಗೆ ಕೀಲಿ.

ಇದನ್ನೆಲ್ಲ ಕುಬೇರಪ್ಪ ಸಂಜೆ ಟಾಂಗಾದಲ್ಲಿ ಕುಳಿತೇ ಹೇಳಿದ. ಇಳಿಯಲಿಲ್ಲ. ಶಾಂತಯ್ಯನ ಹಾಗೆ ಅವನು ಬೈಯುವ ಮನುಷ್ಯನಲ್ಲ. ಅವನ ದನಿ ಬೆಣ್ಣೆಯಲ್ಲಿ ಅದ್ದಿ ತೆಗೆದಂತೆ ಇರುತ್ತಿತ್ತು.

"ನೋಡ್ರೆಪಾ, ನಾ ಏನ ನಿಮ್ಮನ್ನ ಹೊರಗ ಹಾಕಾಕತ್ತಿಲ್ಲ. ಕಾಯದೆ ಹಾಕಾಕತ್ತೈತಿ. ನನ್ನ ಕೈಯಾಗ ಏನೈತಿ? ಒಂದ ಹೊತ್ತು, ಸಾಹೇಬ ಬಂದ ಹೋಗೂತನಾ, ಹೆಚ್ಚಿಗಿ ಮಂದಿ ನನ್ನ ವಖಾರ್ಯಾಗ ಕುಂದರ್ರಿ. ಅವಾ ಹೋದ ಕೂಡ್ಲೆ ನಿಮ್ಮ ನಿಮ್ಮ ಖೋಲಿಗೆ ನೀವು. ನನಗೂ ಪರವಾನಗಿ ಸಿಗತೈತಿ, ನಿಮಗೂ ನೆರಳ ಉಳೀತೈತಿ."

"ಕೆರೀ ದಂಡಿಗೆ ಹೋಗಿ ಕುಂದರ್ತೇವ್ರಿ ಸಾಹುಕಾರ್ರ," ಅಂದ ಮಾಳವ್ವನ ಗಂಡ ಉಳವಪ್ಪ. ಜಿನ್ನಿನ ಧೂಳು ಕುಡಿದು ಕುಡಿದು ಅವನ ಎದೆ ಗೂರತೊಡಗಿ ಎರಡು ಸುಗ್ಗಿಯಾಗಿತ್ತು. ಅಷ್ಟು ಮಾತಿಗೇ ಕೆಮ್ಮಿದ.

"ಅವಾ ಸೈಕಲ್ ಮ್ಯಾಲ ಅದ ಹಾದೀಲೆ ಬರಾಂವ. ಕುರಿಹಿಂಡ ಕುಂತಂಗ ನೀವೆಲ್ಲಾ ದಂಡೀಮ್ಯಾಲ ಕುಂತರ ಅವನಿಗೇನ ಕಣ್ಣಿಲ್ಲೇನೋ ಉಳವ್ಯಾ?" ಅಂದ ಕುಬೇರಪ್ಪ.

"ಗಿರಣಿಗೆ ಹೋದಾವ್ರನ್ನ ಲೆಕ್ಕಕ್ಕ ಹಿಡೀಬ್ಯಾಡ್ರಲ್ಲಾ," ಅಂದ ಯಾರೋ. "ನಮ್ಮ ಹುಡುಗರು ಹೆಂಗೂ ಹಗಲಿ ಇರಂಗಿಲ್ಲ."

ಶಾಂತಯ್ಯ ಬಾಯಿ ಹಾಕಿದ. "ಗಿರಣಿಗೆ ಹೋದಾವಾ ರಾತ್ರಿ ಎಲ್ಲಿ ಮಲಗ್ತಾನ, ನಿಮ್ಮವ್ವನ ಸೆರಗಿನ್ಯಾಗ? ಮಲಗಾವರನ್ನ ಎಣಸ್ತಾರ ಅವರು. ಸೋಮವಾರ ಎಲ್ಲಾರೂ ರಜಾ ಹಾಕ್ರಿ."

ಟಾಂಗಾ ತಿರುಗಿತು. ಕುದುರೆ ಅಂಗಳದಲ್ಲೇ ಲದ್ದಿ ಹಾಕಿ ಹೋಯಿತು. ಅದನ್ನು ಬಾಚಲು ಹೆಂಗಸರಲ್ಲಿ ಜಗಳವಾಯಿತು; ಒಲೆಗೆ ಬರುತ್ತದಲ್ಲ.

ಮರುದಿನವೇ ಕಿಡಕಿ ಬಂದವು. ಹಳೆಯ ಹತ್ತಿ ಪೆಟ್ಟಿಗೆಗಳ ಹಲಗೆಯಿಂದ ಮಾಡಿದ ಚೌಕಟ್ಟು, ಎರಡು ರೆಕ್ಕೆ, ಮೇಲೆ ಹಸಿರು ಬಣ್ಣ. ನೂರಜಹಾನಳ ಗಂಡ ಕಮರುದ್ದೀನ ಬಡಿಗ. ಅವನೇ ಮಾಡಿದ್ದ, ಅವನೇ ಬಡಿಯಲು ಬಂದ. ಮಾಳವ್ವನ ಖೋಲಿಯಲ್ಲಿ ಹಿಂದಿನ ಗೋಡೆಗೆ ಚೌಕಟ್ಟನ್ನು ಒತ್ತಿ ಹಿಡಿದು ನಾಲ್ಕು ಮೂಲೆಗೆ ಮೊಳೆ ಹೊಡೆದ.

"ಭಾಯಿ, ಗ್ವಾಡಿ ಒಡೀಲೇ ಇಲ್ಲಲ್ಲೋ?" ಅಂದಳು ಮಾಳವ್ವ.

"ಒಡದ್ರ ಆ ಕಡೆ ಹತ್ತಿ ಐತೆವ್ವಾ. ನಿನ್ನ ಒಲೀ ಕಿಡಿ ಹಾರಿ ಆ ಕಡೆ ಹೋತಂದ್ರ ಸಾಹುಕಾರ್ನ ಹೊಟ್ಟಿಗೆ ಬೆಂಕಿ."

"ಹಂಗಾರ ಗಾಳಿ?"

"ಕಾಯದ್ಯಾಗ ಕಿಡಕಿ ಬೇಕಂತ ಬರದಾರಂತ. ಗಾಳಿ ಬೇಕಂತ ಬರದಿಲ್ಲಂತ." ಕಮರುದ್ದೀನ ನಗಲು ನೋಡಿದ, ನಗು ಬರಲಿಲ್ಲ. "ನನ್ನ ಮಾರಿ ನೋಡಬ್ಯಾಡ. ನನ್ನ ಖೋಲಿಗೂ ಇಂಥಾದ್ದ ಬಡದ ಬಂದೇನಿ, ನನ್ನ ಕೈಲೇನ."

ಅವನು ಹೋದ ಮೇಲೆ ರುಕ್ಮವ್ವ ಗೋಡೆ ಹಿಡಿದು ಎದ್ದಳು. ಬಣ್ಣದ ವಾಸನೆಗೆ ಮೂಗು ಮುಚ್ಚಿಕೊಂಡು ರೆಕ್ಕೆಗಳನ್ನು ತೆರೆದಳು. ಒಳಗೆ ಮಣ್ಣಿನ ಗೋಡೆ. ಸಾರಿಸಿದವರ ಬೆರಳಿನ ಗೆರೆ ಹಾಗೇ ಇದ್ದವು. ಒಂದು ಗಳಿಗೆ ನೋಡಿ ಮತ್ತೆ ಮುಚ್ಚಿದಳು.

"ನಮ್ಮತ್ತಿಗೆ ಹೇಳಿ ಬಂದೇನಿ ಎವ್ವಾ, ನಮ್ಮವ್ವಂದು ಪ್ಯಾಟ್ಯಾಗಿನ ಮನಿ ಅಂತ," ಅಂದಳು.

ಚೊಚ್ಚಲ ಬಾಣಂತನ ತವರಿನದು. ಊರಿನ ಮನೆ ಬಿದ್ದು ಹೋಗಿತ್ತು, ಕುರಿ ಮಾರಿ ಆಗಿತ್ತು. ಮಗಳನ್ನು ಮಲಗಿಸಲು, ಮೈ ಕಾಸಲು ಈ ಭೂಮಿಯ ಮೇಲೆ ಅವಳಿಗಿದ್ದ ಜಾಗ ಈ ಖೋಲಿಯೊಂದೇ. ಇದಕ್ಕೂ ಕೀಲಿ ಬಿದ್ದರೆ ಕೂಸನ್ನು ಎಲ್ಲಿ ಇಳಿಸಿಕೊಳ್ಳುವುದು? ಹೆರಿಗೆ, ಅದರ ಹಿಂದೆ ಒಂದು ತಿಂಗಳು. ಅಷ್ಟು ದಿನ ತಲೆಯ ಮೇಲೆ ತಗಡು ಇದ್ದರೆ ಸಾಕೆಂದು ಅವಳು ಕಂಡ ದೇವರಿಗೆಲ್ಲ ಕೈ ಮುಗಿಯುತ್ತಿದ್ದಳು. ಶಾಂತಯ್ಯನ ಕಾಲಿಗೂ ಅದಕ್ಕಾಗಿಯೇ ಬೀಳುತ್ತಿದ್ದಳು.

ಭಾನುವಾರ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿ ಮಾತು ಹತ್ತಿತು. ಐವರಲ್ಲಿ ವಖಾರಿಗೆ ಹೋಗುವವರು ಯಾರು?

"ನಾ ಹೋಗ್ತೇನಿ ಬಿಡ್ರಿ," ಅಂದ ಉಳವಪ್ಪ. "ಹತ್ತೀ ಧೂಳ ನನಗೇನ ಹೊಸದಲ್ಲ."

"ನೀ ಅಲ್ಲಿ ಕೆಮ್ಮಿದ್ರ ಈ ಕಡೆ ಕೇಳತೈತಿ," ಅಂದ ಮಗ ಶಿದ್ದಪ್ಪ. "ನಾ ಹೋಗ್ತೇನಿ."

ಅಷ್ಟು ಹೊತ್ತು ಮೂಲೆಯಲ್ಲಿ ಕಂಬಳಿ ಹೊದ್ದು ಕುಳಿತಿದ್ದ ಹನುಮವ್ವ, ಉಳವಪ್ಪನ ತಾಯಿ, ಬಾಯಿ ತೆರೆದಳು. ಮುದುಕಿಗೆ ಕಣ್ಣು ಮಬ್ಬಾಗಿತ್ತು, ದನಿ ಮಾತ್ರ ಇನ್ನೂ ಅಡವಿಯಲ್ಲಿ ಕುರಿ ಕರೆಯುವ ದನಿ.

"ನೀವ್ಯಾರೂ ಹೋಗಂಗಿಲ್ಲ. ರುಕ್ಮಿ ಹೋಗತಾಳ."

"ಅತ್ತೀ, ದಿನಾ ತುಂಬಿದಾಕಿನ್ನ…" ಅಂದಳು ಮಾಳವ್ವ.

"ದಿನಾ ತುಂಬಿದಾಕಿ ಅಂತನ ಹೇಳಾಕತ್ತೇನಿ. ನಿಮ್ಮ ಮಾಂವ ಹಿಂಡಿನ್ಯಾಗಿನ ಕುರಿ ಎಂದಾರ ಎಣಿಸಿದ್ದ ನೋಡೀಯೇನ? ಮಾರಿ ನೋಡಿ ಹೇಳ್ತಿದ್ದ, ಇಂಥಾ ಕುರಿ ಇಲ್ಲಂತ. ಬಟ್ಟ ಮಾಡಿ ಎಣಿಸಿದ್ದು ಹಿಂಡಿನ್ಯಾಗ ಉಳಿಯಂಗಿಲ್ಲ. ಗಬ್ಬದ ಕುರೀ ಕಡೆ ಅಂತೂ ಬಟ್ಟ ತೋರಸಬಾರದು. ಇವಾ ಯಾವನೋ ಟೊಪಿಗಿ ಹಾಕ್ಕೊಂಡ ಬಂದು, ನನ್ನ ಮೊಮ್ಮಗಳ ಕಡೆ ಬಟ್ಟ ಮಾಡಿ ಒಂದು, ಎರಡು ಅಂತಾನ? ಬೀರದೇವರ ಆಣಿ, ನಾ ಬಿಡಂಗಿಲ್ಲ. ನಾನೂ ಆಕೀ ಕೂಡ ಹೋಗ್ತೇನಿ."

ಶಿದ್ದಪ್ಪ ಅಜ್ಜಿಯ ಮಾತಿಗೆ ತಲೆ ಕೊಡವಿದ. "ಅಮ್ಮಾ, ಇದು ಪ್ಯಾಟಿ. ಗಿರಣ್ಯಾಗ ನಮ್ಮನ್ನ ದಿನಾ ಎಣಸ್ತಾರ."

"ಅದಕ್ಕ ದಿನಾ ಒಬ್ಬೊಬ್ಬಾಂವ ಸಾಯಾಕತ್ತೀರಿ," ಅಂದಳು ಮುದುಕಿ.

ಮಾಳವ್ವ ಮಗಳ ಮುಖ ನೋಡಿದಳು. ಆ ಮಾತನ್ನು ಪೂರ್ತಿ ನಂಬಿದಳೆಂದಲ್ಲ, ನಂಬದಿರುವ ಧೈರ್ಯವೂ ಇರಲಿಲ್ಲ. ಚೊಚ್ಚಲ ಬಸುರಿಯ ವಿಷಯದಲ್ಲಿ ಯಾವ ತಾಯಿಗೆ ತಾನೇ ಇರುತ್ತದೆ? ಇನ್ನೂ ಅಮವಾಸ್ಯೆ ದಾಟಬೇಕಿತ್ತು ಹೆರಿಗೆಗೆ. ಹಾಗೆಂದು ಅವಳ ಲೆಕ್ಕ. ಬಿಸಿಲಲ್ಲಿ ಗಂಡಸಿನ ಎದುರು ನಿಲ್ಲುವುದಕ್ಕಿಂತ ನೆರಳಲ್ಲಿ, ಮೆತ್ತನೆಯ ಹತ್ತಿಯ ಮೇಲೆ ಒಂದು ಹೊತ್ತು ಅಡ್ಡಾದರೆ ಹುಡುಗಿಗೂ ಆರಾಮ ಎಂದುಕೊಂಡಳು. ವರ್ಷವೆಲ್ಲ ಕೈಯಲ್ಲಿ ಹಿಡಿದ ಹತ್ತಿ. ಅದು ಕೆಟ್ಟದ್ದು ಮಾಡೀತೆಂದು ಅವಳಿಗೆ ಹೊಳೆಯಲಿಲ್ಲ.

"ಆಗಲಿ. ರುಕ್ಮಿ ಹೋಗ್ಲಿ," ಅಂದಳು.

ಸೋಮವಾರ ಬಿಸಿಲು ಏರುವ ಮೊದಲೇ ವಖಾರಿಯ ಬಾಗಿಲ ಮುಂದೆ ಚಾಳಿನ ಲೆಕ್ಕಕ್ಕೆ ಹೆಚ್ಚಾದ ಮಂದಿ ಸೇರಿದರು. ಮುದುಕರು, ಮಕ್ಕಳು, ಊರಿಂದ ಬಂದ ನಂಟರು, ಖೋಲಿಯ ಮೂಲೆ ಹಿಡಿದು ಮಲಗುವ ಒಂಟಿ ಗಂಡಸರು. ತೇಗಿನ ದಪ್ಪ ಬಾಗಿಲು, ಅಡ್ಡಡ್ಡಲಾಗಿ ಕಬ್ಬಿಣದ ಪಟ್ಟಿ. ಶಾಂತಯ್ಯ ಪ್ರತಿಯೊಬ್ಬರ ಬೆನ್ನಿಗೆ ಕೊಡೆಯಿಂದ ತಟ್ಟಿ ಒಳಗೆ ಬಿಟ್ಟ.

"ಬೀಡಿ ಕಡ್ಡಿಪೆಟ್ಟಿಗಿ ಇಲ್ಲಿ ಹಾಕ್ರಿ. ಉಗುಳಬ್ಯಾಡ್ರಿ. ಹತ್ತೀಮ್ಯಾಲ ಉಚ್ಚಿ ಹೊಯ್ದ ಹುಡುಗನ್ನ ಅಲ್ಲೇ ಹೂಳ್ತೇನಿ, ತಿಳೀತೇನ?"

ನೂರಜಹಾನಳ ಅತ್ತೆಯೂ ಮಗಳು ನಜ್ಮಾಳೂ ಒಳಗೆ ಹೋದರು. ಹನುಮವ್ವ ಮೊಮ್ಮಗಳ ಹೆಗಲ ಮೇಲೆ ಕೈ ಇಟ್ಟು ಹೊರಟಳು. ಹೊಸ್ತಿಲ ಬಳಿ ರುಕ್ಮವ್ವ ತಾಯಿಯ ಕೈ ಹಿಡಿದುಕೊಂಡಳು. ಅಂಗೈ ಒದ್ದೆಯಾಗಿ ತಣ್ಣಗಿತ್ತು.

"ಎವ್ವಾ, ಬೆಳಿಗ್ಗಿಂದ ನಡಾ ಹಿಡಧಂಗ ಆಗೇತಿ."

"ನಿಂತ ನಿಂತ ಹಿಡದೈತಿ. ಒಳಗ ಹೋಗಿ ಅಡ್ಡಾಗು. ಲಗೂ ಬಿಡತೈತಿ."

ಮಾಳವ್ವ ಸೊಂಟದ ಮೇಲಿದ್ದ ನೀರಿನ ಕೊಡವನ್ನು ಒಳಗೆ ಇಡಲು ಹೋದಳು. ಶಾಂತಯ್ಯನ ಕೊಡೆ ಅಡ್ಡ ಬಂತು.

"ನೀರ? ಹತ್ತೀಮ್ಯಾಲ ಚೆಲ್ಲಿದ್ರ ಯಾರಪ್ಪ ಕೊಡ್ತಾನ?"

"ಬಸರಿ ಐತ್ರೀ ಅಯ್ಯನವರ. ಒಂದ ಚರಗಿ…"

"ಒಂದ ಹೊತ್ತು ನೀರ ಬಿಟ್ರ ಸಾಯಂಗಿಲ್ಲ. ಸರಿ."

ಬಾಗಿಲು ಮುಚ್ಚಿತು. ಅಲ್ಲೇ ನಿಂತಿದ್ದ ಕುಬೇರಪ್ಪ ತಾನೇ ಬೀಗ ಹಾಕಿ, ಎಳೆದು ನೋಡಿ, ಕೀಲಿಯನ್ನು ಧೋತರದ ಸೊಂಟಕ್ಕೆ ಸಿಕ್ಕಿಸಿಕೊಂಡ. ಹತ್ತಿಯ ವಿಷಯದಲ್ಲಿ ಅವನು ಗುಮಾಸ್ತನನ್ನೂ ನಂಬುತ್ತಿರಲಿಲ್ಲ.

ಇನ್ಸ್‌ಪೆಕ್ಟರ್ ಬೆಳಿಗ್ಗೆ ಬರಲಿಲ್ಲ. ಊಟದ ಹೊತ್ತಿಗೂ ಬರಲಿಲ್ಲ. ತಗಡು ಕಾದು ಟಣ್ ಟಣ್ ಎನ್ನತೊಡಗಿತು. ಖೋಲಿಗಳ ಮುಂದೆ ಎಣಿಕೆಯ ಮಂದಿ ಒಗೆದ ಬಟ್ಟೆ ಉಟ್ಟು ನಿಂತಿದ್ದರು. ಕುಳಿತರೆ ಬಟ್ಟೆ ಮುದುಡುತ್ತದೆಂದು ಶಾಂತಯ್ಯ ಕೂರಲು ಬಿಟ್ಟಿರಲಿಲ್ಲ. ಮಾಳವ್ವ ಗುಡಿಸಿದ್ದನ್ನೇ ಗುಡಿಸಿದಳು. ಮಡಕೆ ಸರಿಸಿದಳು, ಮತ್ತೆ ಅಲ್ಲೇ ಇಟ್ಟಳು. ಒಳಗೆ ಹೋಗಿ ಹಿಂದಿನ ಗೋಡೆಗೆ ಕಿವಿ ಹಚ್ಚಿದಳು. ಏನೋ ಸಪ್ಪಳ, ಹತ್ತಿಯಲ್ಲಿ ಇಲಿ ಓಡಾಡಿದಂತೆ. ಹೊರಗೆ ಬಂದು ವಖಾರಿಯ ಕಡೆಗೆ ನಾಲ್ಕು ಹೆಜ್ಜೆ ಇಟ್ಟಳು.

"ಎಲ್ಲಿಗೆ?" ಅಂದ ಶಾಂತಯ್ಯ.

"ಒಂದೀಟ ಕೇಳಿ ಬರ್ತೇನ್ರೀ, ಮಗಳು ಹೆಂಗದಾಳ…"

"ನಿನ್ನ ಮಗಳು ಇವತ್ತ ಚಾಳಿನ್ಯಾಗ ಇಲ್ಲ. ಹುಟ್ಟೇ ಇಲ್ಲ ಅನ್ಕೋ. ನಡಿ."

ನೂರಜಹಾನ ಬಾಯಿ ತೆರೆದಳು, ಮೊನ್ನೆಯ ಅಳವಿ ನೆನಪಾಗಿಯೋ ಏನೋ, ಮುಚ್ಚಿದಳು.

ಬಿಸಿಲು ಇಳಿಮುಖವಾದಾಗ ಸೈಕಲ್ಲಿನ ಗಂಟೆ ಕೇಳಿಸಿತು. ಇನ್ಸ್‌ಪೆಕ್ಟರ್ ಹರೆಯದವನು, ತೆಳ್ಳಗೆ, ಟೊಪ್ಪಿಗೆಯ ಕೆಳಗೆ ಬೆವರು ಇಳಿಯುತ್ತಿತ್ತು. ಹಿಂದೆ ಡಾಂಬರಿನ ಡಬ್ಬಿ ಹಿಡಿದ ಸಿಪಾಯಿ. ಸಾಹೇಬ ಧಾರವಾಡದ ಮಂದಿಯ ಹಾಗೆ ನಯವಾಗಿ ಮಾತಾಡುತ್ತಿದ್ದ. ತಡವಾಯಿತೆಂದು ಕುಬೇರಪ್ಪನ ಕ್ಷಮೆ ಕೇಳಿದ. ಬಿಸಿಲಲ್ಲಿ ನಿಂತವರ ಕಡೆ ನೋಡಲಿಲ್ಲ. ಕುಬೇರಪ್ಪ ಕೊಟ್ಟ ಶರಬತ್ತು ಕುಡಿದು ಮೊದಲ ಖೋಲಿಯಿಂದ ಹೊರಟ. ಪೆನ್ಸಿಲಿನ ತುದಿಯಿಂದ ತಲೆ ಎಣಿಸುತ್ತಿದ್ದ. ಒಳಗೆ ಇಣುಕಿ ಹಸಿರು ಕಿಡಕಿ ನೋಡುತ್ತಿದ್ದ. ಕಾಗದದ ಮೇಲೆ ಗೀಚುತ್ತಿದ್ದ. ಸಿಪಾಯಿ ಚೌಕಟ್ಟಿನ ಮೇಲೆ ನಾಲ್ಕರ ಅಂಕಿ ಬರೆಯುತ್ತಿದ್ದ. ಮುಂದಿನ ಖೋಲಿ.

ನೂರಜಹಾನಳ ಖೋಲಿ ಮುಗಿಸಿ ಮಾಳವ್ವನ ಖೋಲಿಗೆ ಬಂದ. ತಲೆ ಬಗ್ಗಿಸಿ ಒಳಗೆ ಹೆಜ್ಜೆ ಇಟ್ಟ. ಹಿಂದೆಯೇ ಕುಬೇರಪ್ಪ, ಶಾಂತಯ್ಯ.

"ಒಂದು, ಎರಡು, ಮೂರು. ಮೂರೇ ಮಂದಿಯೇನ್ರಿ? ಛಲೋ ಆತು. ಹಿಂಗಿರಬೇಕ್ರಿ ಸಾಹುಕಾರ್ರ. ಸ್ವಲ್ಪ ಆ ಕಿಡಕಿ ತೆಗೀರಲ್ಲ, ಗಾಳಿ ಹೆಂಗ ಬರತದ ನೋಡೋಣ."

"ಹೊಸಾ ಬಣ್ಣಾರೀ ಸಾಹೇಬ್ರ," ಅಂದ ಕುಬೇರಪ್ಪ. "ಇನ್ನೂ ಹಸೀ ಐತಿ. ನಿಮ್ಮ ಬೆಳ್ಳನ್ನ ಅಂಗಿಗೆ ಅಂಟೀತು."

ಇನ್ಸ್‌ಪೆಕ್ಟರ್ ತನ್ನ ತೋಳು ನೋಡಿಕೊಂಡ. ನಕ್ಕ. ಕಾಗದದ ಮೇಲೆ ಗೀಚಲು ಪೆನ್ಸಿಲು ಊರಿದ.

ಆಗ ಕಿಡಕಿಯ ಹಿಂದಿನಿಂದ ಒಂದು ದನಿ ಬಂತು. ಗೋಡೆಯಲ್ಲಿ ಸೋಸಿ ಬಂದ, ಮೂಗು ಬಾಯಿ ಕಟ್ಟಿದ ದನಿ. ಮನುಷ್ಯರದೋ ದನದ್ದೋ ತಿಳಿಯದಂಥ ದನಿ.

ಮಾಳವ್ವನಿಗೆ ತಿಳಿಯಿತು.

"ಯಾರದು?" ಅಂದ ಇನ್ಸ್‌ಪೆಕ್ಟರ್.

"ಆ ಕಡೆ ಓಣ್ಯಾಗ ಯಾರೋ… ಗಂಡಾ ಹೇಣ್ತಿ ಜಗಳಾರೀ. ದಿನಾ ಇದ್ದದ್ದ," ಅಂದ ಕುಬೇರಪ್ಪ. ಶಾಂತಯ್ಯ ಜೋರಾಗಿ ಕೆಮ್ಮಿದ.

ಮತ್ತೆ ಬಂತು. ಈ ಸಲ ಮಾತಿತ್ತು. "ಎವ್ವಾ!" ಅದರ ಹಿಂದೆಯೇ ಗೋಡೆಯ ಮೇಲೆ ಕೈ ಬಡಿತ, ಒಂದು ಕೈ, ಆಮೇಲೆ ಹತ್ತಾರು ಕೈ. ಹಸಿರು ಕಿಡಕಿ ಗಡಗಡ ಅಲುಗಿತು. ಎಲ್ಲ ದನಿಗಳ ಮೇಲೆ ಹನುಮವ್ವನ ಕುರಿ ಕರೆಯುವ ದನಿ ಬಂತು:

"ಮಾಳೀ! ಕೂಸು ಕಾಲ ಮುಂದ ಮಾಡೈತೇ! ಇಲ್ಲಿ ಉಸರಿಲ್ಲ, ನೀರಿಲ್ಲ, ಕಣ್ಣ ಕಾಣವಲ್ದು! ಬಾಗಲಾ ತೆಗಸ!"

ಶಿದ್ದಪ್ಪ ಹೊರಗೆ ಓಡಿದ. ಅವನು ವಖಾರಿಯ ಬಾಗಿಲಿಗೆ ಹೆಗಲು ಕೊಟ್ಟು ಗುದ್ದುವ ಸಪ್ಪಳ ಚಾಳನ್ನು ಸುತ್ತಿಕೊಂಡು ಬಂತು. ಆ ಬಾಗಿಲು ಕಳ್ಳರನ್ನು ತಡೆಯಲೆಂದು ಮಾಡಿಸಿದ್ದು.

"ಸಾಹುಕಾರ್ರ," ಅಂದಳು ಮಾಳವ್ವ. "ಬಾಗಲಾ ತೆಗೀರಿ."

ಶಾಂತಯ್ಯ ಅವಳ ರೆಟ್ಟೆ ಹಿಡಿದು ಕಿವಿಯ ಹತ್ತಿರ ಹೇಳಿದ: "ಬಾಯಿ ಮುಚ್ಚ ರಂಡೆ. ಸಾಹೇಬ ಅಂಕಿ ಬರಿಸ್ಲಿ. ಆಮ್ಯಾಲೆ ತೆಗೀತಾರ. ಈಗ ತೆಗದ್ರ ನೀವೆಲ್ಲಾ ಇವತ್ತ ಬೀದ್ಯಾಗ."

ಇನ್ಸ್‌ಪೆಕ್ಟರ್ ಗೋಡೆ ನೋಡಿದ, ಕುಬೇರಪ್ಪನನ್ನು ನೋಡಿದ. ಕತ್ತಿನ ಬೆವರು ಒರೆಸಿಕೊಂಡ. "ನಾ… ನಾ ಮುಂದಿನ ಖೋಲಿ ನೋಡಿ ಬರ್ತೇನಿ," ಅಂದ.

ಮಾಳವ್ವ ರೆಟ್ಟೆ ಕೊಡವಿದಳು. ಬಾಗಿಲ ಸಂದಿಯಲ್ಲಿ ನಿಲ್ಲಿಸಿದ್ದ ಒನಕೆಗೆ ಕೈ ಹಾಕಿದಳು. ಶಾಂತಯ್ಯ ಅದು ತನಗೇ ಎಂದು ತಿಳಿದು ಹಿಂದಿನ ಗೋಡೆಗೆ ಅಂಟಿ, ಕಿಡಕಿಯ ಹೊಸ ಬಣ್ಣವನ್ನೆಲ್ಲ ಬೆನ್ನಿಗೆ ಹಚ್ಚಿಕೊಂಡು ಸರಿದ. ಅವಳು ಅವನ ಕಡೆ ನೋಡಲೂ ಇಲ್ಲ. ಮೊದಲನೆಯ ಏಟಿಗೆ ಹಸಿರು ರೆಕ್ಕೆಗಳು ಸೀಳಿದವು. ಎರಡನೆಯದಕ್ಕೆ ಚೌಕಟ್ಟು ಮೊಳೆ ಸಮೇತ ಕಿತ್ತು ಬಂತು. ಹಿಂದೆ ಮಣ್ಣಿನ ಗೋಡೆ, ಮುಚ್ಚಿದ ಕಣ್ಣಿನ ಹಾಗೆ. ಇನ್ಸ್‌ಪೆಕ್ಟರ್ ಬಾಗಿಲಲ್ಲೇ ನಿಂತ. ಈಗ ನೋಡಲಿಲ್ಲ ಎನ್ನುವ ಹಾಗಿರಲಿಲ್ಲ.

"ಏ! ನನ್ನ ಗ್ವಾಡಿ!" ಕುಬೇರಪ್ಪನ ದನಿಯ ಬೆಣ್ಣೆ ಕರಗಿಹೋಗಿತ್ತು. "ಹಿಡೀರಲೇ ಈ ಬೋಸಡೀನ! ಸಂಜಿಗೆ ನಿನ್ನ ಗಡಗಿ ಮಡಕಿ ಹಾದ್ಯಾಗ ಒಗಸ್ತೇನಿ!"

"ಒಗಸ್ರಿ," ಅಂದಳು ಮಾಳವ್ವ, ಹೊಡೆಯುತ್ತಲೇ.

ಉಳವಪ್ಪ ಒಲೆಯ ಕಲ್ಲೊಂದನ್ನು ಎತ್ತಿಕೊಂಡು ಬಂದು ಹೆಂಡತಿಯ ಪಕ್ಕ ನಿಂತ. ಅವಳು ಹೊಡೆದ ಜಾಗಕ್ಕೆ ಅವನೂ ಹೊಡೆದ. ಕೆಮ್ಮಿದ, ಮತ್ತೆ ಹೊಡೆದ. ಹಸಿ ಇಟ್ಟಂಗಿ ಪುಡಿಯಾಗಿ ಇಬ್ಬರ ತಲೆ ಕೂದಲಿಗೆ, ಕಣ್ಣಿಗೆ ಬಿತ್ತು. ಒಂದು ಇಟ್ಟಂಗಿ ಒಳಗೆ ಬಿದ್ದಿತು. ಯಾರೋ ಆ ಕಡೆಯಿಂದ ಉಗುರಿನಿಂದ ಮಣ್ಣು ಕೆರೆಯುತ್ತಿದ್ದರು. ಇನ್ನೊಂದು ಇಟ್ಟಂಗಿ ಬಿತ್ತು.

ಆ ಖೋಲಿಗೆ ಆ ಗೋಡೆಯಿಂದ ಮೊದಲ ಸಲ ಗಾಳಿ ಬಂತು. ಬಿಸಿ ಗಾಳಿ, ಅದರ ತುಂಬ ಹತ್ತಿಯ ಎಳೆ, ಬೆವರಿನ ನಾತ, ರಕ್ತದ ನಾತ.

ರಂಧ್ರ ಒಂದು ತಲೆಯಷ್ಟು ಆಗಿ ನಿಂತಿತು. ಅದರ ಸುತ್ತ ಕಲ್ಲಿನ ಕಟ್ಟು. ಒನಕೆ ಪುಟಿದು ಬಂತು, ತುದಿ ಸೀಳಿತು. ಮಾಳವ್ವ ಮುಖ ಒಳಗೆ ತೂರಿಸಿದಳು. ಕತ್ತಲೆ. ಕಣ್ಣು ಹೊಂದಿಕೊಂಡಾಗ ಹತ್ತಿ ತುಂಬಿದ ಅಂಡಿಗೆಗಳ ನಡುವೆ ಬೆಳ್ಳಗೆ ಬಿದ್ದ ಮಗಳ ಕಾಲು ಕಂಡಿತು. ಮುಖ ಕಾಣಲಿಲ್ಲ.

"ರುಕ್ಮೀ!"

ರುಕ್ಮವ್ವ ಓಗೊಡಲಿಲ್ಲ. ನಜ್ಮಾ ಮಾತ್ರ ಎಲ್ಲೋ ಬಿಕ್ಕುತ್ತಿದ್ದಳು. ಹನುಮವ್ವನ ಕೈ ರಂಧ್ರದ ಹತ್ತಿರ ಬಂತು, ಮಣಿಕಟ್ಟಿನ ತನಕ ಕೆಂಪಾಗಿ, ಅದರ ಮೇಲೆಲ್ಲ ಹತ್ತಿ ಅಂಟಿಕೊಂಡು.

"ಇದರಾಗಿಂದ ಆಗಂಗಿಲ್ಲ ಮಾಳಿ," ಅಂದಳು ಮುದುಕಿ. ಈಗ ಕೂಗಲಿಲ್ಲ. "ಗಾಳಿಗೆ ತರಬೇಕ ಆಕಿನ್ನ. ಲಗೂ."

ಮಾಳವ್ವ ತಲೆ ಹೊರಗೆ ತೆಗೆದಳು. ಕೂದಲಲ್ಲಿ, ಹುಬ್ಬಿನಲ್ಲಿ ಬಿಳಿ ಎಳೆ. ಖೋಲಿಯ ಬಾಗಿಲಲ್ಲಿ ಇಡೀ ಚಾಳು ನೆರೆದಿತ್ತು. ಬೆಳಕು ಬರಲು ಜಾಗವಿರಲಿಲ್ಲ. ನೂರಜಹಾನ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಕಮರುದ್ದೀನ ಮುರಿದ ಕಿಡಕಿಯನ್ನು ನೋಡುತ್ತಿದ್ದ. ಸಿಪಾಯಿಯ ಕೈಯ ಕುಂಚದಿಂದ ಡಾಂಬರು ಅವನ ಕಾಲಿನ ಮೇಲೇ ತೊಟ್ಟಿಕ್ಕುತ್ತಿತ್ತು. ಇನ್ಸ್‌ಪೆಕ್ಟರ್ ಕಾಗದವನ್ನು ಮಡಚಿದ, ಮತ್ತೆ ಬಿಚ್ಚಿದ. ಕುಬೇರಪ್ಪ ಇನ್ಸ್‌ಪೆಕ್ಟರನ ಮುಖವನ್ನು ನೋಡುತ್ತಿದ್ದ. ಅವನ ಒಂದು ಕೈ ಸೊಂಟದ ಮೇಲಿತ್ತು, ಕೀಲಿಯ ಮೇಲೆ. ಮೈಲಿಗೆಯಾದ ಹತ್ತಿಯ ಲೆಕ್ಕ ಹಾಕುತ್ತಿದ್ದನೋ, ಬಾಗಿಲು ತೆಗೆದರೆ ಸಾಹೇಬನ ಮುಂದೆ ಹೊರಗೆ ಬರುವ ಮಂದಿಯ ಲೆಕ್ಕ ಹಾಕುತ್ತಿದ್ದನೋ, ಆ ಮುಖದಿಂದ ತಿಳಿಯುವಂತಿರಲಿಲ್ಲ.

ಮಾಳವ್ವ ಒನಕೆಯನ್ನು ಎಡಗೈಗೆ ತೆಗೆದುಕೊಂಡಳು. ಬಲಗೈಯನ್ನು ಅವನ ಮುಂದೆ ಚಾಚಿದಳು.

"ಕೀಲಿ ಕೊಡ್ರಿ," ಅಂದಳು.

ಕುಬೇರಪ್ಪ ಕೀಲಿಯ ಮೇಲಿನ ಕೈ ತೆಗೆಯಲಿಲ್ಲ. ಆ ಬದಿಯಿಂದ ಶಿದ್ದಪ್ಪ ಬಾಗಿಲು ಗುದ್ದುವ ಸಪ್ಪಳ ಬರುತ್ತಲೇ ಇತ್ತು.

"ಸಾಹುಕಾರ್ರ, ಕೀಲಿ ಕೊಡ್ರಿ."